ಚೆಂಡಿಗಿಂತ ಮುಂದೆ ಮಾತಾಡಿದವ

ಅವನು ನಮ್ಮ ಲೈನ್ ಮನೆ ಬಿಟ್ಟು ಹೋದಾಗ ನನಗೆ ನಲವತ್ತೇಳು. ಅದಾಗಿ ಮೂವತ್ತೇಳು ವರ್ಷ ಆಯಿತು. ಮೊನ್ನೆ ಬೊಂಬಾಯಿಯಲ್ಲಿ ತೀರಿಕೊಂಡನಂತೆ. ಮಂಗಳೂರಿನ ಫುಟ್ಬಾಲ್ ಮೈದಾನದ ಹಳೇ ಆಟಗಾರರು ಸೇರಿ ಒಂದು ಪುಸ್ತಕ ಮಾಡುತ್ತಾರಂತೆ, ಅದಕ್ಕೆ ನೀವೂ ನಾಲ್ಕು ಮಾತು ಬರೆಯಬೇಕು ಎಂದು ಒಬ್ಬರು ಬಂದು ಹೇಳಿ ಹೋದರು. ನಾನು ಶಾಲೆಗೆ ಹೋದದ್ದು ಮೂರನೇ ಕ್ಲಾಸಿನ ತನಕ. ಫುಟ್ಬಾಲಿನದ್ದು ನನಗೆ ಎಂತದೂ ಗೊತ್ತಿಲ್ಲ. ಆ ಜನ ಮಾತ್ರ ಗೊತ್ತುಂಟು. ಹೆಸರು ಬರೆಯುವುದಿಲ್ಲ. ಮೈದಾನದವರಿಗೆ ಬರೆಯದೆಯೂ ಗೊತ್ತಾಗುತ್ತದೆ, ಬಾಕಿಯವರಿಗೆ ಹೆಸರು ಕಟ್ಟಿಕೊಂಡು ಎಂತ ಆಗಬೇಕು?

ನಾವು ಓಣಿಯವರು ಅವನನ್ನು ಸ್ಟಾಪರ್ ಎಂದೇ ಕರೆಯುವುದು. ಆಟದಲ್ಲಿ ಗೋಲ್ ಕೀಪರನ ಮುಂದೆ ನಿಂತು, ಬರುವವರನ್ನು ತಡೆಯುವವನಿಗೆ ಆಗ ಹಾಗೆ ಹೇಳುತ್ತಿದ್ದರು. ಬೆಂಗಳೂರಿನಲ್ಲಿ ಒಂದು ಫ್ಯಾಕ್ಟರಿಯವರು ಆಡಲಿಕ್ಕೆಂದೇ ಅವನಿಗೆ ಕೆಲಸ ಕೊಟ್ಟು, ಸಂಬಳ ಕೊಟ್ಟು ಇಟ್ಟುಕೊಂಡಿದ್ದರು. ಎಪ್ಪತ್ತರ ನಂತರ ಎಂಟು ಹತ್ತು ವರ್ಷ ಕಲ್ಕತ್ತಾ, ಗೋವಾ, ಕೇರಳ ಎಂದು ತಿರುಗಿದ್ದಾನೆ. ಮತ್ತೆ ಬಲಗಾಲಿನ ಮೊಣಗಂಟು ಹೋಯಿತು. ಎಳೇ ಹಲಸಿನ ಗುಜ್ಜೆಯ ಹಾಗೆ ಊದಿಕೊಂಡು ಇಳಿಯಲೇ ಇಲ್ಲ. ಆಟ ಇಲ್ಲದವನನ್ನು ಫ್ಯಾಕ್ಟರಿಯವರು ಮಂಗಳೂರಿನ ಗೋಡೌನಿಗೆ ಕ್ಲಾರ್ಕ್ ಮಾಡಿ ಕಳಿಸಿದರು. ಹಾಗೆ ಬಂದು ನಮ್ಮ ಲೈನಿನ ಕೊನೆಯ ಕೋಣೆ ಹಿಡಿದ.

ಫಳ್ನೀರಿನಲ್ಲಿ ಆಗ ಇಷ್ಟು ಫ್ಲಾಟ್ ಇರಲಿಲ್ಲ. ಆಸ್ಪತ್ರೆಯ ಹಿಂದಿನ ಓಣಿಯಲ್ಲಿ ಹಂಚಿನ ಮಾಡಿನ ಐದು ಕೋಣೆ ನಮ್ಮದು. ಎದುರು ಬ್ಯಾಂಕಿನವರ ದೊಡ್ಡ ಮನೆ, ಅದರಲ್ಲಿ ಬ್ಯಾಂಕಿನ ಆಫೀಸರು, ಅವರ ಹೆಂಡತಿ, ತಮ್ಮ. ಮೊದಲನೇ ಕೋಣೆಯಲ್ಲಿ ನಾನು, ಗಂಡ ಸತ್ತವಳು, ಬೀಡಿ ಕಟ್ಟುವವಳು. ಬೆಳಿಗ್ಗೆಯಿಂದ ಸಂಜೆವರೆಗೆ ಜಗಲಿಯಲ್ಲಿ ಮೊರ ತೊಡೆಯ ಮೇಲಿಟ್ಟುಕೊಂಡು ಕೂತಿರುವುದು. ಬೀಡಿ ಕಟ್ಟುವವರಿಗೆ ಕೈಗೆ ಮಾತ್ರ ಕೆಲಸ. ಕಣ್ಣು ಕಿವಿಗೆ ಪುರ್ಸೊತ್ತು.

ಅವನು ದೊಡ್ಡ ಜಮೀನಿನ ಗುತ್ತಿನ ಮನೆಯವ. ಗೇಣಿಯ ಕಾನೂನಿನಲ್ಲಿ ಗದ್ದೆಗಳೆಲ್ಲ ಒಕ್ಕಲಿಗೆ ಹೋದ ಮೇಲೆ ಅಣ್ಣಂದಿರು ಬೊಂಬಾಯಿಗೆ ಹೋಗಿ ಹೋಟೆಲ್ ಹಾಕಿದರು. ಇವನನ್ನೂ ಕರೆದರಂತೆ. "ನೀನು ಚೆಂಡಿನ ಹಿಂದೆ ಓಡಿದರೆ ಕೊನೆಗೆ ನಾಯಿಯ ಹಾಗೆ ನಾಲಿಗೆ ಹೊರಗೆ ಹಾಕುವುದೇ ಬಾಕಿ" ಎಂದನಂತೆ ದೊಡ್ಡಣ್ಣ. ಇವನು ಅದಕ್ಕೆ, "ನಾನು ಚೆಂಡಿನ ಹಿಂದೆ ಓಡುವವನಲ್ಲ, ಓಡುವವರನ್ನು ನಿಲ್ಲಿಸುವವ" ಎಂದನಂತೆ. ಹೋಟೆಲಿನವರಿಗೆ ಅದು ಎಲ್ಲಿ ಅರ್ಥ ಆಗಬೇಕು? ಅವರು ಕಾಗದ ಬರೆಯುವುದು ಬಿಟ್ಟರು, ಇವನೂ ಬಿಟ್ಟ.

ಬಂದ ಮೊದಲ ವಾರವೇ ಓಣಿಯಲ್ಲಿ ಗಲಾಟೆ. ಬ್ಯಾಂಕಿನ ಅಮ್ಮ ನನ್ನ ಹತ್ತಿರ ಬಂದು, "ನಿಮ್ಮ ಕೊನೆ ಕೋಣೆಯವನ ಕಣ್ಣು ಸರಿ ಇಲ್ಲ, ಹೋಗುವ ಬರುವ ಹೆಂಗಸರ ಸೊಂಟ ನೋಡುತ್ತಾನೆ" ಎಂದರು. ನಾನು ಮೊರ ಕೆಳಗಿಟ್ಟು ನೇರ ಹೋಗಿ ಕೇಳಿದೆ.

"ಎಂತ ಮಾರಾಯ್ರೆ, ನೀವು ಹೆಂಗಸರ ಸೊಂಟ ನೋಡುವುದಂತೆ?"

"ಹೌದು ಅಕ್ಕ."

"ನಾಚಿಕೆ ಇಲ್ಲವಾ?"

"ಗಂಡಸರದ್ದೂ ನೋಡ್ತೇನೆ. ದನದ್ದೂ ನೋಡ್ತೇನೆ" ಎಂದ. "ಹತ್ತು ವರ್ಷ ಅದೇ ಕೆಲಸ ಅಲ್ಲವಾ ನನ್ನದು. ಎದುರಿನಿಂದ ಬರುವವನ ಕಣ್ಣು ಸುಳ್ಳು ಹೇಳ್ತದೆ, ಕಾಲು ಸುಳ್ಳು ಹೇಳ್ತದೆ, ಚೆಂಡು ಅಂತೂ ಮಹಾ ಸುಳ್ಳುಗಾರ. ಸೊಂಟ ಮಾತ್ರ ಹೇಳುವುದಿಲ್ಲ. ಸೊಂಟ ಎತ್ತ ತಿರುಗಿತೋ ಜನ ಅತ್ತಲೇ ಹೋಗಬೇಕು."

ನಾನು ನಂಬಲಿಲ್ಲ. ಆಗ ಓಣಿಯ ಬಾಯಲ್ಲಿ ಮೀನಿನ ಹೆಂಗಸು ಬುಟ್ಟಿ ಹೊತ್ತುಕೊಂಡು ಬರುತ್ತಿದ್ದಳು. "ಇವಳು ಇವತ್ತು ನಿಮ್ಮ ಹತ್ತಿರ ಬರುವುದಿಲ್ಲ, ಎಡಕ್ಕೆ ಹೋಗ್ತಾಳೆ" ಎಂದ. ಅವಳು ನನ್ನನ್ನು ನೋಡಿ ನಗುತ್ತಾ ಬಂದವಳು ಎಡಕ್ಕೆ ತಿರುಗಿ ಬ್ಯಾಂಕಿನವರ ಹಿತ್ತಲಿಗೆ ಹೋದಳು. ಅದರ ಮೇಲೆ ನಾನು ಅವನಲ್ಲಿ ಸೊಂಟದ ವಿಷಯ ಎತ್ತಲಿಲ್ಲ.

ಆದರೆ ಆ ಚಾಳಿಯಿಂದಲೇ ಒಂದು ಸಂಬಂಧ ತಪ್ಪಿತು. ಸುರತ್ಕಲ್ಲಿನಲ್ಲಿ ಹುಡುಗಿ ನೋಡಲು ಹೋಗಿದ್ದ. ಜೊತೆಗೆ ಹೋಗಲು ಯಾರೂ ಇಲ್ಲದೆ ಗೋಡೌನಿನ ಮ್ಯಾನೇಜರನನ್ನು ಕರೆದುಕೊಂಡು ಹೋದ. ಹುಡುಗಿ ಕಾಫಿ ತಂದಳಂತೆ. ಇವನು, "ನಿಮಗೆ ಎಡಗಾಲಿನಲ್ಲಿ ಹಳೇ ಪೆಟ್ಟು ಉಂಟಲ್ಲ, ಭಾರ ಪೂರ ಬಲಕ್ಕೆ ಹಾಕ್ತೀರಿ" ಎಂದನಂತೆ. ಆ ಮನೆಯವರು ಅದನ್ನೇ ಮುಚ್ಚಿಟ್ಟಿದ್ದರು. ಕಾಫಿ ಕುಡಿದು ಮುಗಿಯುವ ಮೊದಲೇ ಇಬ್ಬರನ್ನೂ ಎಬ್ಬಿಸಿ ಕಳಿಸಿದರು.

"ನಾನು ಬೇಡ ಅಂತ ಹೇಳಲಿಲ್ಲ ಅಕ್ಕ. ಎಣ್ಣೆ ತಿಕ್ಕಿದರೆ ಸರಿ ಆಗ್ತದೆ ಅಂತ ಹೇಳುವವನಿದ್ದೆ" ಎಂದ. ಅವನಿಗೆ ಆಗ ನಲವತ್ತು ಸಮೀಪ. ಆಮೇಲೆ ಯಾರೂ ಅವನಿಗೆ ಹುಡುಗಿ ತೋರಿಸಲಿಲ್ಲ.

ಎಣ್ಣೆಯ ಮಾತು ಬಂತಲ್ಲ. ಬೆನ್ನ ಹಿಂದೆಯೇ ಎಲುಬಿನ ಡಾಕ್ಟರುಗಳು ಸಾಲಾಗಿ ಇದ್ದರೂ ಅವನು ಆದಿತ್ಯವಾರ ಹೊಳೆಯ ಸಂಕ ದಾಟಿ ತೊಕ್ಕೊಟ್ಟಿಗೆ ಹೋಗಿ ಒಬ್ಬ ನಾಟಿ ವೈದ್ಯನ ಕೈಯಲ್ಲಿ ಕಾಲು ತಿಕ್ಕಿಸಿಕೊಂಡು ಬರುವುದು. ಗುಣ ಆಗಲಿಲ್ಲ. "ಗುಣ ಆಗುವುದಿಲ್ಲ ಅಂತ ಗೊತ್ತುಂಟು" ಎಂದ ಒಮ್ಮೆ. "ಮತ್ತೆ ಯಾಕೆ ಹೋಗುವುದು?" ಎಂದೆ. "ಅವ ಕಾಲು ತಿಕ್ಕುವಾಗ ಹಳೇ ಆಟದ್ದು ಕೇಳ್ತಾನೆ" ಎಂದ.

ಕೇಳುವವರು ಬೇಕಿತ್ತು ಅವನಿಗೆ. ಅದೇ ಅವನ ಕಾಯಿಲೆ, ಮೊಣಗಂಟಲ್ಲ. ಆಡುವ ಕಾಲದಲ್ಲೂ ಹಾಗೆಯೇ ಆದದ್ದು. ಗೆದ್ದ ದಿನ ಗೋಲು ಹೊಡೆದವನನ್ನು ಹೆಗಲ ಮೇಲೆ ಹೊತ್ತುಕೊಂಡು ಹೋಗುತ್ತಿದ್ದರಂತೆ, ಇವನು ಹಿಂದಿನಿಂದ ಅವರ ಚಪ್ಪಲಿ ಹೆಕ್ಕಿಕೊಂಡು ಬರುವುದು. "ಆದ ಗೋಲು ಪೇಪರಿನಲ್ಲಿ ಬರ್ತದೆ, ಆಗದ ಗೋಲು ಯಾವ ಪೇಪರಿನಲ್ಲಿ ಬರ್ತದೆ ಅಕ್ಕ?" ಎನ್ನುತ್ತಿದ್ದ. ನಗುತ್ತಲೇ ಹೇಳುವುದು. ನಾನು ನಗುತ್ತಿರಲಿಲ್ಲ, ಹೌದಲ್ಲ ಎಂದು ಅನಿಸುತ್ತಿತ್ತು.

ಒಂದೇ ಒಂದು ವಿಷಯದಲ್ಲಿ ಅವನಿಗೆ ಗರ್ವ ಇತ್ತು, ಸ್ವರದಲ್ಲಿ. ಆ ಟೀಮಿನ ಹಿಂದಿನ ಸಾಲಿನಲ್ಲಿ ಇವನನ್ನು ಬಿಟ್ಟರೆ ಒಬ್ಬ ತಮಿಳ, ಒಬ್ಬ ಮಲಯಾಳಿ, ಒಬ್ಬ ಹೈದರಾಬಾದಿನವ. ಇವನಿಗೆ ಗಡಿಬಿಡಿಯಲ್ಲಿ ಬಾಯಿಗೆ ಬರುವುದು ತುಳು ಒಂದೇ. ಹಾಗಾಗಿ ಅವರೆಲ್ಲ ಇವನ ಮೂರು ಮಾತು ಕಲಿತರು. ಬಲ ಎಂದರೆ ಬಾ, ಉಂತು ಎಂದರೆ ನಿಲ್ಲು, ಬುಡು ಎಂದರೆ ಬಿಡು, ಚೆಂಡು ಗೋಲ್ ಕೀಪರನದ್ದು, ನೀನು ಮುಟ್ಟಬೇಡ. ಇವನು ಆಟ ಬಿಟ್ಟ ಮೇಲೂ ಆ ಟೀಮಿನವರು ಮೈದಾನದಲ್ಲಿ ಅದನ್ನೇ ಕೂಗುತ್ತಿದ್ದರಂತೆ. ಇವನ ಜಾಗಕ್ಕೆ ಬಂದವನು ಆ ಮಲಯಾಳಿ. ಇವನಿಗಿಂತ ಹತ್ತು ವರ್ಷ ಸಣ್ಣವ. ವರ್ಷಕ್ಕೊಮ್ಮೆ ಓಣಂಗೆ ಒಂದು ಕಾರ್ಡು ಹಾಕುತ್ತಿದ್ದ. ಇವನಿಗೆ ಬರುತ್ತಿದ್ದ ಕಾಗದ ಅದೊಂದೇ.

ಮೈದಾನದ ಪಂದ್ಯಗಳಲ್ಲಿ ಇವನನ್ನು ಮೈಕಿನ ಎದುರು ಕೂರಿಸಲು ಶುರು ಮಾಡಿದರು. ಒಳ್ಳೆಯ ಸ್ವರ, ಆಟ ಗೊತ್ತುಂಟು. ಅದನ್ನು ಕೇಳಿದ ಯಾರೋ ದೊಡ್ಡ ಜನ ಬೆಂಗಳೂರಿನ ಟಿವಿಯವರಿಗೆ ಹೇಳಿದರು. ಟಿವಿಯಲ್ಲಿ ಫುಟ್ಬಾಲ್ ತೋರಿಸುವಾಗ ಕನ್ನಡದಲ್ಲಿ ಮಾತಾಡಲು ಜನ ಬೇಕಿತ್ತು. ಕಾಗದ ಬಂದ ದಿನ ಅವನು ನನ್ನ ಜಗಲಿಗೆ ಬಂದು ಕೂತ.

"ಅಕ್ಕ, ನಿಮಗೆ ಫುಟ್ಬಾಲ್ ಗೊತ್ತುಂಟಾ?"

"ಇಲ್ಲ."

"ಒಳ್ಳೆಯದಾಯಿತು. ನಿಮಗೆ ಅರ್ಥ ಆದರೆ ಎಲ್ಲರಿಗೂ ಅರ್ಥ ಆಗ್ತದೆ."

ಅಂದಿನಿಂದ ದಿನಾ ಸಂಜೆ ಓಣಿಯೇ ಅವನ ಮೈದಾನ. "ಬ್ಯಾಂಕಿನವರ ತಮ್ಮ ಸ್ಕೂಟರಿನಲ್ಲಿ ಬಲಗಡೆಯಿಂದ ಮುನ್ನುಗ್ಗುತ್ತಿದ್ದಾರೆ, ಎದುರಿನಲ್ಲಿ ಕಪ್ಪು ದನ, ದನ ಸ್ಥಾನ ಬಿಟ್ಟು ಕದಲುತ್ತಿಲ್ಲ, ಅದ್ಭುತ ರಕ್ಷಣೆ!" ನಾನು ಕಟ್ಟುತ್ತಾ ಕೇಳುವುದು. ಪುಸ್ತಕದ ಶಬ್ದ ಬಂದರೆ ಬೈಯುವುದು. "ಅದ್ಭುತ ಗಿದ್ಭುತ ಬೇಡ, ಕಂಡದ್ದು ಹೇಳು" ಎನ್ನುವುದು. ಆಗಲೇ ನಾನು ಅವನನ್ನು ನೀನು ಎನ್ನಲು ಶುರು ಮಾಡಿದ್ದು.

ಮೊದಲನೇ ಸಲ ಟಿವಿಯಲ್ಲಿ ಬಂದಾಗ ಓಣಿಯವರೆಲ್ಲ ಬ್ಯಾಂಕಿನವರ ಮನೆಯಲ್ಲಿ. ಅಮ್ಮ ಗಂಡಸರಿಗೆ ಚಾಪೆ ಹಾಕಿದ್ದರು, ನಾವು ಹೆಂಗಸರು ಬಾಗಿಲ ಹತ್ತಿರ. ಅರ್ಧ ಗಂಟೆ ನೋಡಿದರೂ ಅವನ ಮುಖ ಕಾಣಲಿಲ್ಲ. "ಎಲ್ಲಿದ್ದಾನೆ? ಇವನೇನು ಟಿವಿಯ ಹಿಂದೆ ಅಡಗಿದ್ದಾನಾ?" ಎಂದ ಬ್ಯಾಂಕಿನವರ ತಮ್ಮ. ಸ್ವರ ಮಾತ್ರ ಎಂದು ಗೊತ್ತಾದ ಮೇಲೆ ಅರ್ಧ ಜನ ಎದ್ದು ಹೋದರು.

ಉಳಿದವರಿಗೆ ಬೇರೆ ತಕರಾರು. ಅವನು ಚೆಂಡಿಗಿಂತ ಮುಂದೆ ಮಾತಾಡುತ್ತಿದ್ದ. ಒಬ್ಬ ಚೆಂಡು ಹಿಡಿದುಕೊಂಡು ಓಡುತ್ತಿರುವಾಗಲೇ "ಬಲಕ್ಕೆ ಕೊಟ್ಟರು" ಎನ್ನುವುದು. ಆ ಆಟಗಾರ ಆಮೇಲೆ ಬಲಕ್ಕೆ ಕೊಡುವುದು. "ಗೋಲು!" ಎನ್ನುವಾಗ ಚೆಂಡು ಇನ್ನೂ ಕಾಲಿನಲ್ಲಿ. "ಇದು ನಿನ್ನೆಯ ಆಟ, ಇವನಿಗೆ ಪೂರಾ ಗೊತ್ತುಂಟು, ನಮ್ಮನ್ನು ಮಂಗ ಮಾಡ್ತಾರೆ" ಎಂದ ಬ್ಯಾಂಕಿನವರ ತಮ್ಮ. ಹಾಗೆಯೇ ತುಂಬಾ ಮನೆಗಳಲ್ಲಿ ಅಂದುಕೊಂಡಿರಬೇಕು. ಟಿವಿಯವರಿಗೆ ಕಾಗದಗಳು ಹೋದವು. ಮೊದಲೇ ಯಾರು ಗೆಲ್ಲುವುದೆಂದು ಮಾತಾಡಿಕೊಂಡು ಆಡುವುದಾ ಎಂದೂ ಒಬ್ಬರು ಬರೆದರಂತೆ.

ಟಿವಿಯ ಆಫೀಸರು ಕರೆದು ಹೇಳಿದರು. "ಆದದ್ದು ಹೇಳಿ. ಆಗುವುದು ಹೇಳಬೇಡಿ. ಇನ್ನೊಂದು ಮ್ಯಾಚ್ ಕೊಡುತ್ತೇವೆ. ಅದು ಸರಿ ಹೋದರೆ ವರ್ಷದ ಪಟ್ಟಿಯಲ್ಲಿ ನಿಮ್ಮ ಹೆಸರು, ಇಲ್ಲದಿದ್ದರೆ ಇಲ್ಲ."

"ನಿನಗೆ ಗೋಡೌನಿನ ಸಂಬಳ ಬರ್ತದಲ್ಲ, ಇದು ಹೋದರೆ ಹೋಗಲಿ" ಎಂದೆ ನಾನು.

ಅವನು ಸ್ವಲ್ಪ ಹೊತ್ತು ಕಾಲು ತಿಕ್ಕಿದ. "ಒಂದೂವರೆ ಗಂಟೆ ಅಕ್ಕ. ಒಂದೂವರೆ ಗಂಟೆ ನಾನು ಮಾತಾಡ್ತೇನೆ, ಎದ್ದು ಹೋಗುವವರು ನನಗೆ ಕಾಣುವುದಿಲ್ಲ" ಎಂದ.

ಸರಿ, ಬಾಯಿ ಕಟ್ಟುವುದನ್ನು ಕಲಿಸಿದೆ. ನನಗೆ ಗೊತ್ತಿದ್ದ ರೀತಿಯಲ್ಲಿ ಕಲಿಸಿದೆ. ಅವನು ಓಣಿ ನೋಡುವುದು, ನಾನು ಎಲೆ ಸುತ್ತುವುದು. ಕಂಡ ಕೂಡಲೇ ಹೇಳಬಾರದು. ನಾನು ಬೀಡಿ ಸುತ್ತಿ, ಅದರ ತಲೆ ಮಡಚಿ, ನೂಲು ಹಾಕಿ ಮೊರಕ್ಕೆ ಬಿಸಾಡಿದ ಮೇಲೆ ಬಾಯಿ ಬಿಡಬೇಕು. ಮೊದಮೊದಲು ಒದ್ದಾಡಿದ. ತುಟಿ ಕಚ್ಚಿಕೊಳ್ಳುವುದು, ತೊಡೆಗೆ ಹೊಡೆದುಕೊಳ್ಳುವುದು. "ಕಂಡದ್ದನ್ನು ಹೇಳದೆ ಇರುವುದು ಹೇಗೆ ಅಕ್ಕ, ಹೊಟ್ಟೆ ಉಬ್ಬರಿಸ್ತದೆ" ಎನ್ನುವುದು. "ಉಬ್ಬರಿಸಲಿ" ಎಂದೆ. ಒಂದು ತಿಂಗಳಲ್ಲಿ ಕಲಿತ. ಎಲ್ಲರ ಹಾಗೆ ತಡವಾಗಿ ಮಾತಾಡುವವನಾದ. ನಾನೇ ಮಾಡಿದ್ದು ಎಂದು ನನಗೆ ಜಂಬ.

ಆ ಮ್ಯಾಚ್ ಬೆಂಗಳೂರಿನಲ್ಲಿ, ಅವನದ್ದೇ ಹಳೇ ಫ್ಯಾಕ್ಟರಿಯ ಟೀಮಿನದ್ದು. ಆದಿತ್ಯವಾರ, ಮಧ್ಯಾಹ್ನ ಊಟದ ನಂತರ. ಓಣಿಯವರು ಮತ್ತೆ ಬ್ಯಾಂಕಿನವರ ಮನೆಯಲ್ಲಿ ಸೇರಿದರು. ತಪ್ಪು ಹಿಡಿಯಲಿಕ್ಕೆಂದೇ ಬಂದವರು. ಒಂದು ಗಂಟೆ ಕಳೆದರೂ ತಪ್ಪು ಸಿಗಲಿಲ್ಲ. ಚೆಂಡು ಹೋದ ಮೇಲೆ ಮಾತು, ಆಟ ಆದ ಮೇಲೆ ಮಾತು. ಬ್ಯಾಂಕಿನವರ ತಮ್ಮ ಆಕಳಿಸಿದ. ನಾನು ಬಾಗಿಲ ಹತ್ತಿರ ಕೂತು, ಇನ್ನು ಸ್ವಲ್ಪವೇ ಹೊತ್ತು, ಇನ್ನು ಸ್ವಲ್ಪವೇ ಹೊತ್ತು ಎಂದು ಗಡಿಯಾರ ನೋಡುತ್ತಿದ್ದೆ.

ಎಲ್ಲಿಂದಲೋ ಒಬ್ಬ ಚೆಂಡನ್ನು ಎತ್ತರಕ್ಕೆ ಹೊಡೆದ. ಅದು ಗೋಲಿನ ಕಡೆಗೆ ಇಳಿಯುತ್ತಿತ್ತು. "ಚೆಂಡು ಮೇಲಿನಿಂದ ಬರುತ್ತಿದೆ, ಸ್ಟಾಪರ್ ಹಿಂದೆ ಸರಿಯುತ್ತಿದ್ದಾರೆ..." ಎಂದವನು ನಿಂತ. ಉಸಿರು ಎಳೆದದ್ದು ಕೇಳಿತು. ಮತ್ತೆ ಟಿವಿ ಒಡೆದು ಹೋಗುವ ಹಾಗೆ ಬೊಬ್ಬೆ.

"ಬುಡು! ಬುಡು! ಬುಡು ಮಾರಾಯಾ!"

ನಾನು ನಕ್ಕೆ. ಮೊದಲು ನಕ್ಕದ್ದು ನಾನೇ. ಅದುವರೆಗೆ ಆ ಪೆಟ್ಟಿಗೆಯಲ್ಲಿ ಒಂದು ಮಾತು ತುಳು ನಾವು ಕೇಳಿದವರಲ್ಲ. ದೊಡ್ಡ ಕನ್ನಡದ ನಡುವೆ ಮೀನಿನ ದೋಣಿ ಬರುವ ದಕ್ಕೆಯ ಬೊಬ್ಬೆ ಬಂದ ಹಾಗೆ ಆಯಿತು, ತಡೆಯಲಿಕ್ಕೆ ಆಗಲಿಲ್ಲ. ನನ್ನ ನಗು ಹೊರಟದ್ದೇ ಇಡೀ ಕೋಣೆ ನಕ್ಕಿತು. ಬ್ಯಾಂಕಿನವರ ತಮ್ಮ ನೆಲಕ್ಕೆ ಹೊಡೆದು ಹೊಡೆದು ನಕ್ಕ.

ನಾವು ನಗುತ್ತಿರುವಾಗ ಅಲ್ಲಿ ಮೈದಾನದಲ್ಲಿ ಆ ಟೀಮಿನ ಸ್ಟಾಪರ್ ಚೆಂಡನ್ನು ಬಿಡಲಿಲ್ಲ. ಹಾರಿದ. ಹಿಂದಿನಿಂದ ಗೋಲ್ ಕೀಪರ್ ಬಂದ, ಎದುರಿನಿಂದ ಕಾಲು ಎತ್ತಿಕೊಂಡು ಇನ್ನೊಬ್ಬ ಬಂದ. ಮೂವರೂ ಬಿದ್ದರು. ಇಬ್ಬರು ಎದ್ದರು. ಏಳದವನು ಓಣಂಗೆ ಕಾರ್ಡು ಹಾಕುವ ಮಲಯಾಳಿ. ಅವನ ಕಾಲು ಮೊಣಗಂಟಿನ ಕೆಳಗೆ ಇರಬೇಕಾದ ಕಡೆಗೆ ಇರಲಿಲ್ಲ.

ಟಿವಿಯಲ್ಲಿ ಸುಮಾರು ಹೊತ್ತು ಯಾವ ಸ್ವರವೂ ಇಲ್ಲ. ಆಮೇಲೆ ಬೇರೆ ಯಾರೋ ಒಬ್ಬರು ಮಾತಾಡಲು ಶುರು ಮಾಡಿದರು.

ಅವನು ಮಂಗಳವಾರ ಸಂಜೆ ಬಂದ. ಎರಡು ದಿನ ಬೆಂಗಳೂರಿನ ಆಸ್ಪತ್ರೆಯಲ್ಲಿ ಆ ಮಲಯಾಳಿಯ ಹತ್ತಿರ ಕೂತಿದ್ದನಂತೆ. ಓಣಿಯೊಳಗೆ ಕಾಲಿಡುವಾಗಲೇ ಬ್ಯಾಂಕಿನವರ ತಮ್ಮ ಗೇಟಿನಲ್ಲಿ ನಿಂತು, "ಬುಡು! ಬುಡು ಮಾರಾಯಾ!" ಎಂದು ಕೂಗಿದ. ಮರುದಿನ ಸೋಡಾ ಅಂಗಡಿಯವರು ಕಲಿತರು. ಅದರ ಮರುದಿನ ರಿಕ್ಷಾ ಪಾರ್ಕಿನವರು. ಅವನು ಹಾಲಿಗೆ ಹೋದರೆ ಬುಡು, ನೀರಿಗೆ ಹೋದರೆ ಬುಡು. ಯಾರಿಗೂ ಆ ಮಾತಿನ ಹಿಂದು ಮುಂದು ಗೊತ್ತಿಲ್ಲ. ನನಗೆ ಗೊತ್ತಿತ್ತು. ನಾನು ತಲೆ ಬಗ್ಗಿಸಿ ಎಲೆ ಸುತ್ತುತ್ತಿದ್ದೆ. ನಾಲ್ಕು ಜನರ ಬಾಯಿ ಮುಚ್ಚಿಸಲು ನನ್ನಿಂದ ಆಗುತ್ತಿರಲಿಲ್ಲವಾ? ಆಗುತ್ತಿತ್ತು. ನನ್ನ ಬಾಯಿಗೆ ಹೆದರದವರು ಆ ಓಣಿಯಲ್ಲಿ ಇರಲಿಲ್ಲ. ಆದರೆ ಬೈಯಲು ಬಾಯಿ ತೆರೆದರೆ ಮೊದಲು ನಕ್ಕವಳು ನಾನು ಎಂದು ಅವನ ಎದುರೇ ಯಾರಾದರೂ ಹೇಳಿಯಾರು ಎಂದು ಸುಮ್ಮನಿದ್ದೆ.

ಎರಡು ತಿಂಗಳು ಹೀಗೆ ಹೋಯಿತು. ಟಿವಿಯವರಿಂದ ಕಾಗದ ಬರಲಿಲ್ಲ. ಮೈದಾನದವರೂ ಆ ವರ್ಷ ಮೈಕಿಗೆ ಬೇರೆಯವರನ್ನು ಕರೆದರು. ಅವನು ಗೋಡೌನಿನಿಂದ ಬಂದರೆ ಬಾಗಿಲು ಹಾಕಿಕೊಳ್ಳುವುದು. ನನ್ನ ಜಗಲಿಗೆ ಬರುವುದು ನಿಂತಿತು.

ಒಂದು ಸಂಜೆ ಬಂದ. ನಿಂತುಕೊಂಡೇ ಮಾತಾಡಿದ.

"ನಾಳೆ ಬೆಳಿಗ್ಗೆ ಬೊಂಬಾಯಿಗೆ ಹೋಗ್ತೇನೆ ಅಕ್ಕ. ಅಣ್ಣನ ಹೋಟೆಲಿಗೆ. ಗಲ್ಲಾದಲ್ಲಿ ಕೂರಲು ಜನ ಬೇಕಂತೆ."

"ಗೋಡೌನು?"

"ಬಿಟ್ಟೆ."

"ಆ ಮಲಯಾಳಿ ಹೇಗಿದ್ದಾನೆ?"

"ನಡೀತಾನೆ. ಆಡುವುದಿಲ್ಲ." ಮತ್ತೆ ಹೇಳಿದ, "ಅವ ಹಾರುವ ಮೊದಲೇ ನನಗೆ ಕಂಡಿತ್ತು ಅಕ್ಕ. ಮೂರೂ ಜನರ ಸೊಂಟ ಕಂಡಿತ್ತು. ನಾನು ಮೈಕ್ ಇಟ್ಟ ಗಾಜಿನ ಕೋಣೆಯಲ್ಲಿ. ಆ ಮಾತು ಅವನಿಗೆ ಗೊತ್ತುಂಟು, ಕೇಳಿದ್ದರೆ ಬಿಡ್ತಿದ್ದ. ಮೈದಾನದಲ್ಲಿ ನನ್ನ ಬೊಬ್ಬೆ ಕೇಳುತ್ತಿದ್ದದ್ದು ನಾಲ್ಕೇ ಜನರಿಗೆ. ಅವತ್ತು ಇಡೀ ರಾಜ್ಯಕ್ಕೆ ಕೇಳಿತು, ಅವನೊಬ್ಬನಿಗೆ ಕೇಳಲಿಲ್ಲ."

ನನಗೆ ಸಮಾಧಾನ ಹೇಳಿ ಅಭ್ಯಾಸ ಇಲ್ಲ. ಸುಳ್ಳು ಹೇಳಿಯೂ ಅಭ್ಯಾಸ ಇಲ್ಲ.

"ಅವತ್ತು ಮೊದಲು ನಕ್ಕದ್ದು ನಾನು" ಎಂದೆ.

ಅವನು ನನ್ನ ಮುಖ ನೋಡಿದ. ಅಷ್ಟು ವರ್ಷದಲ್ಲಿ ಅವನು ಒಬ್ಬರ ಮುಖವನ್ನು ಅಷ್ಟು ಹೊತ್ತು ನೋಡಿದ್ದನ್ನು ನಾನು ಕಂಡಿರಲಿಲ್ಲ.

"ನಗು ಬರುವ ಹಾಗೇ ಇತ್ತಲ್ಲ" ಎಂದು ಹೇಳಿ ಕುಂಟುತ್ತಾ ಅವನ ಕೋಣೆಗೆ ಹೋದ. ಬೆಳಗಿನ ಮೊದಲ ಬಸ್ಸಿಗೆ ಹೊರಟು ಹೋಗಿದ್ದ. ಮತ್ತೆ ಕಾಗದ ಇಲ್ಲ, ಏನಿಲ್ಲ. ಗಲ್ಲಾದಲ್ಲಿ ಕೂತವನು ಅಲ್ಲಿಯೇ ಮುದುಕನಾದನಂತೆ.

ಆ ಬೆಳಿಗ್ಗೆ ನಾನು ಎಂದಿನಂತೆ ಎಲೆ ನೆನೆಹಾಕಿ ಜಗಲಿಯಲ್ಲಿ ಕೂತೆ. ಒಂಬತ್ತು ಗಂಟೆಗೆ ಬ್ಯಾಂಕಿನವರ ತಮ್ಮ ಬಿಳಿ ಶರ್ಟು ಹಾಕಿಕೊಂಡು ಸ್ಕೂಟರ್ ಹೊರಗೆ ತಂದ. ಕೊನೆಯ ಕೋಣೆಯ ಬಾಗಿಲಿಗೆ ಬೀಗ ಬಿದ್ದದ್ದು ಅವನಿಗೆ ಗೊತ್ತಿರಲಿಲ್ಲ. ಅತ್ತ ತಿರುಗಿ, "ಬುಡು! ಬುಡು ಮಾರಾಯಾ!" ಎಂದ. ನಾನು ಎದ್ದೆ. ಎಲೆ ನೆನೆದು ಕೆಂಪಾದ ನೀರು ಇತ್ತಲ್ಲ, ಬಕೆಟ್ ಸಮೇತ ಎತ್ತಿ ಓಣಿ ದಾಟಿ ಅವನ ತಲೆಯ ಮೇಲೆ ಹೊಯ್ದೆ.

ಅವನು ಬಾಯಿ ತೆರೆದು ನಿಂತ. ಶರ್ಟಿಗೆಲ್ಲ ಎಲೆ ಅಂಟಿತ್ತು. ಅವನ ಅತ್ತಿಗೆ, ಬ್ಯಾಂಕಿನ ಅಮ್ಮ, ಓಡಿ ಬಂದರು. ಬೀಗ ನೋಡಿದರು, ನನ್ನನ್ನು ನೋಡಿದರು.

"ಎಂತ ಮಾರಾಯ್ತಿ ಇದು? ಆ ಜನ ಹೋಗಿ ಆಯಿತಲ್ಲ. ಇನ್ನು ಯಾರಿಗೋಸ್ಕರ?"

ನಾನು ಕೆಳಗೆ ಬಿದ್ದ ಎಲೆಗಳನ್ನು ಒಂದೊಂದೇ ಹೆಕ್ಕಿ ಮೊರಕ್ಕೆ ಹಾಕಿ, ಬಕೆಟ್ ತೆಗೆದುಕೊಂಡು ಬಾವಿಗೆ ಹೋದೆ.